ಬೆಂಚಿನ ಅಂಕ

ಕಣ್ಣಿನ ಆಸ್ಪತ್ರೆಯ ಹೊರರೋಗಿಗಳ ಹಜಾರದಲ್ಲಿ, ಕಿಟಕಿಯ ಪಕ್ಕ ಉದ್ದನೆಯ ಮರದ ಬೆಂಚೊಂದಿದೆ. ಆರು ವರ್ಷ, ವರ್ಷಕ್ಕೆರಡು ಸಲ, ನಾನು ಅದರ ಮೇಲೆ ಸುಳ್ಳು ರೋಗಿಯಾಗಿ ಕೂತಿದ್ದೇನೆ.

ಆಸ್ಪತ್ರೆಯವರು ಸಂಬಳವಿಲ್ಲದ ಸ್ವಯಂಸೇವಕರನ್ನು ಆರಿಸಿ, ಬೀದಿಗೊಬ್ಬರಂತೆ ಕಳಿಸುತ್ತಾರೆ. ಪೊರೆ ಬಂದು ಕಣ್ಣು ಮಂಜಾದವರನ್ನು ಹುಡುಕುವುದು, ಅವರ ಹೆದರಿಕೆ ಬಿಡಿಸುವುದು, ಆಪರೇಷನ್ನಿನ ದಿನ ಕೈಹಿಡಿದು ಕರೆತಂದು ಮತ್ತೆ ಮನೆ ಮುಟ್ಟಿಸುವುದು, ಇಷ್ಟೇ ಕೆಲಸ. ಹೆಸರು ಮಾತ್ರ ದೊಡ್ಡದು, ಬೀದಿ ರಾಯಭಾರಿ. ನಾನು ಕೊರಳಿಗೆ ಬ್ಯಾಡ್ಜು ಹಾಕಿಕೊಂಡು ಹೊರಟಾಗಲೆಲ್ಲ ನಮ್ಮವರು ಪೇಪರಿನ ಮೇಲಿಂದ ನೋಡಿ, "ಇವತ್ತು ಯಾವ ದೇಶಕ್ಕೆ ಸವಾರಿ?" ಎಂದು ಕೇಳದೆ ಬಿಟ್ಟವರಲ್ಲ.

ಸಂದರ್ಶನದಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ. ಅದಕ್ಕೆ ಬೆಂಚಿನ ಪರೀಕ್ಷೆಯನ್ನು ನಾನೇ ಯೋಚಿಸಿ ಸಿಸ್ಟರಿಗೆ ಹೇಳಿದ್ದೆ. ಸಿಸ್ಟರ್ ಎಂದರೆ ಈ ಕೆಲಸವನ್ನೆಲ್ಲ ನೋಡಿಕೊಳ್ಳುವ ಹಿರಿಯ ನರ್ಸು. ಅರ್ಜಿ ಹಾಕಿದವರನ್ನು ಅರ್ಧ ಗಂಟೆ ಬೇಕೆಂದೇ ಕಾಯಿಸುವುದು. ನಾನು ಹಳೆಯ ಶಾಲು ಹೊದ್ದು, ಕಪ್ಪು ಕನ್ನಡಕ ಹಾಕಿಕೊಂಡು ಅವರ ನಡುವೆ ಕೂತಿರುತ್ತಿದ್ದೆ. ಕೈಯಲ್ಲಿ ಔಷಧಿ ಚೀಟಿ. ಅದನ್ನು ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಪಕ್ಕದವರನ್ನು "ಇದರಲ್ಲೇನು ಬರೆದಿದೆ, ಸ್ವಲ್ಪ ಹೇಳ್ತೀರಾ?" ಎಂದು ಕೇಳುತ್ತಿದ್ದೆ. ಒಮ್ಮೆ ಒಬ್ಬ ಗುಮಾಸ್ತರು ಚೀಟಿಯನ್ನು ಮೆತ್ತಗೆ ಓದಿ ಹೇಳಿ, ನೀರು ಬೇಕೇ ಎಂದು ಕೇಳಿ, ಲೋಟವನ್ನು ನನ್ನ ಬೆರಳಿಗೆ ತಾಗಿಸಿ, ಹಿಡಿತ ಸಿಕ್ಕ ಮೇಲೆ ಕೈ ಬಿಟ್ಟರು. ಹತ್ತಕ್ಕೆ ಹತ್ತು. ಇನ್ನೊಬ್ಬಾಕೆ ನನ್ನ ಕಾಯಿಲೆಯನ್ನು ಇಡೀ ಹಜಾರಕ್ಕೆ ಕೇಳುವಂತೆ ಓದಿದಳು. ಎರಡು.

ಬೆಂಚಿನ ಅಂಕವನ್ನು ಅಲ್ಲೇ ಬರೆದು ಲಕೋಟೆಗೆ ಹಾಕಿ ಅಂಟಿಸಿಬಿಡಬೇಕು. ಸಂದರ್ಶನ ಮುಗಿದು, ಆರು ವಾರ ಒಬ್ಬ ಮಾರ್ಗದರ್ಶಿಯ ಜೊತೆ ಮನೆಮನೆ ಸುತ್ತಿದ ಮೇಲೆ, ಕೊನೆಯ ಶುಕ್ರವಾರ ಲಕೋಟೆ ಒಡೆಯುತ್ತಾರೆ. ಯಾವ ಭಾಗದಲ್ಲಾದರೂ ಸೊನ್ನೆ ಬಂದಿದ್ದರೆ ಬ್ಯಾಡ್ಜು ಸಿಗುವುದಿಲ್ಲ. ಗುಟ್ಟು ಉಳಿಯಲೆಂದು ಬೆಂಚಿನ ವಿಷಯ ನಮ್ಮವರಿಗೂ ಹೇಳಿರಲಿಲ್ಲ. ಆ ದಿನ ಮನೆಯಲ್ಲಿ "ಲೈಬ್ರರಿಗೆ ಹೋಗಿ ಬರ್ತೀನಿ" ಎಂದು ಹೊರಡುವುದು ರೂಢಿ. ಯಾರು ಅರ್ಜಿ ಹಾಕಿದ್ದಾರೆಂದು ನನಗೂ ಮುಂಚೆ ಹೇಳುತ್ತಿರಲಿಲ್ಲ.

ಹಾಗಾಗಿ ಆ ಬೆಳಿಗ್ಗೆ ಬಾಗಿಲಲ್ಲಿ ನನ್ನ ಓರಗಿತ್ತಿ ಕಾಣಿಸುತ್ತಾಳೆಂದು ನಾನು ಎಣಿಸಿರಲಿಲ್ಲ.

ಅವಳು ನನ್ನ ಮೈದುನನ ಹೆಂಡತಿ. ನಮ್ಮ ಮನೆಯ ಕೆಳಮಹಡಿಯಲ್ಲೇ ಇರುವುದು. ಅತ್ತೆ ನನ್ನನ್ನು ದೊಡ್ಡವಳು, ಅವಳನ್ನು ಚಿಕ್ಕವಳು ಎಂದು ಕರೆಯುತ್ತಿದ್ದರು. ಅದೇ ನಿಂತಿತು. ಈಗ ನನಗೆ ಎಪ್ಪತ್ತು, ಚಿಕ್ಕವಳಿಗೆ ಐವತ್ತೆಂಟು. ನಾನು ಬಿ.ಎ. ಮಾಡಿ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು. ಅವಳು ಏಳನೆಯ ತರಗತಿಗೆ ಬಿಟ್ಟು, ಮುಂದೆ ಇಪ್ಪತ್ತು ವರ್ಷ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದವಳು. ಅತ್ತೆ ಹಾಸಿಗೆ ಹಿಡಿದಾಗ ದಿನವೂ ಪೇಪರು ಓದಿ ಹೇಳುತ್ತಿದ್ದವಳು ನಾನು. ನೋವಾದರೆ ಮಾತ್ರ ಅವರು ಕರೆಯುತ್ತಿದ್ದುದು ಚಿಕ್ಕವಳನ್ನು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಗಂಡನ ಜೊತೆ ಜಗಳವಾದ ದಿನ ಮೊದಲು ಫೋನು ಮಾಡುವುದು ಚಿಕ್ಕಮ್ಮನಿಗೆ. ಆಮೇಲೆ ನನಗೆ, ಅದೂ ಜಗಳ ಮುಗಿದ ಮೇಲೆ.

ಇದನ್ನೆಲ್ಲ ನಾನು ನುಂಗಿಕೊಂಡೇ ಬಂದಿದ್ದೆ. ಆಸ್ಪತ್ರೆ ಮಾತ್ರ ನನ್ನದಾಗಿತ್ತು. ಅಲ್ಲಿ ನಾನು ಯಾರ ಜೋಡಿಯೂ ಆಗಿರಲಿಲ್ಲ.

ಚಿಕ್ಕವಳು ಒಳಗೆ ಬಂದಾಗ ನಾನು ಅರ್ಜಿ ಹಾಕಿ ಪಕ್ಕದಲ್ಲಿ ಕೂತಿದ್ದ ಟೈಪಿಸ್ಟ್ ಒಬ್ಬರ ಮುಂದೆ ಚೀಟಿ ಹಿಡಿದು, ಓದಿ ಹೇಳಿ ಎಂದು ಕೇಳುತ್ತಿದ್ದೆ. ಅವಳು ಬಾಗಿಲಲ್ಲೇ ನಿಂತಳು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಮುಖ ಹೊರಳಿಸಿ, ಬೆಂಚಿನ ಆ ತುದಿಗೆ ಹೋಗಿ, ನನಗೆ ಬೆನ್ನು ಮಾಡಿ ಕೂತಳು. ಅರ್ಧ ಗಂಟೆ ಒಮ್ಮೆಯೂ ಈ ಕಡೆ ತಿರುಗಲಿಲ್ಲ.

ನನ್ನ ಮೈಯೆಲ್ಲ ಉರಿಯಿತು. ಅಕ್ಕ ಅಕ್ಕ ಎಂದು ಮನೆ ತುಂಬ ಓಡಾಡುವವಳು ಹೊರಗೆ ಕಂಡರೆ ಗುರುತೂ ಹಿಡಿಯಬಾರದೇ?

ಅರ್ಧ ಗಂಟೆಯಲ್ಲಿ ನಾನು ಇನ್ನೊಂದನ್ನೂ ನೋಡಿದೆ. ಎದುರಿನ ಕುರ್ಚಿಯಲ್ಲಿ ನಿಜವಾದ ರೋಗಿಯೊಬ್ಬಳಿದ್ದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಕಿಟಕಿಯ ಬಿಸಿಲು ನೇರವಾಗಿ ಬೀಳುತ್ತಿತ್ತು. ಚಿಕ್ಕವಳು ಎದ್ದು, "ಕಾಲು ಜೋಮು ಹಿಡೀತು" ಎಂದು ಯಾರಿಗೂ ಅಲ್ಲದಂತೆ ಹೇಳಿ, ಕಿಟಕಿಗೂ ಆಕೆಗೂ ನಡುವೆ ನಿಂತಳು. ಬಿಸಿಲು ಸರಿಯುವವರೆಗೂ ಹಾಗೇ ನಿಂತಿದ್ದಳು. ಆ ರೋಗಿಗೆ ಯಾರೋ ತನಗಾಗಿ ನಿಂತಿದ್ದಾರೆಂದು ತಿಳಿಯಲೂ ಇಲ್ಲ. ಇಂಥದನ್ನು ಕಂಡರೆ ಬರೆದಿಡುವುದೇ ನನ್ನ ಕೆಲಸ. ಆ ದಿನ ಬರೆಯಲಿಲ್ಲ. ಇವಳು ನನ್ನ ಸಂಬಂಧಿ, ಇವಳ ಅಂಕ ಬೇರೆಯವರು ಹಾಕಲಿ ಎಂದು ಸಿಸ್ಟರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅಂಕದ ಚೀಟಿಯಲ್ಲಿ ಸೊನ್ನೆ ಬರೆದು, "ಕಂಡೂ ಕಾಣದಂತೆ ಮುಖ ತಿರುಗಿಸಿದರು" ಎಂದು ಷರಾ ಸೇರಿಸಿ, ಲಕೋಟೆಗೆ ಅಂಟು ಹಚ್ಚಿದೆ. ಬರೆದದ್ದು ನಿಜವೇ ತಾನೇ ಎಂದುಕೊಂಡೆ.

ಸಂದರ್ಶನದಲ್ಲಿ ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ ಚಿಕ್ಕವಳು, "ಮನೇಲೇ ಕೂತು ತಿಂದ್ರೆ ನಾನು ಬಾಗಿಲಲ್ಲಿ ಹಿಡಿಸಲ್ಲ ಡಾಕ್ಟ್ರೇ, ಅದಕ್ಕೆ" ಎಂದಳಂತೆ. ಡಾಕ್ಟರು ಮೇಜು ತಟ್ಟಿ ನಕ್ಕರೆಂದು ಸಿಸ್ಟರ್ ನನ್ನ ಮುಂದೆ ಎರಡು ಸಲ ಹೇಳಿದರು. ಆರು ವರ್ಷದಲ್ಲಿ ಆ ಡಾಕ್ಟರು ನನ್ನ ಮಾತಿಗೆ ತಲೆ ತೂಗಿದ್ದಾರೆ, ನಕ್ಕಿಲ್ಲ.

"ನಿಮ್ಮ ಮನೆಯವರೇ ಅಂತ ಹೇಳಲೇ ಇಲ್ವಲ್ಲಮ್ಮ" ಎಂದರು ಸಿಸ್ಟರ್. "ಅಂಕದಲ್ಲೇನೂ ಪಕ್ಷಪಾತ ಮಾಡಿಲ್ಲ ತಾನೇ?"

"ಇಲ್ಲ" ಎಂದೆ. ಅದೂ ಒಂದು ರೀತಿಯಲ್ಲಿ ನಿಜವೇ.

"ಹಾಗಾದ್ರೆ ನೀವೇ ಮಾರ್ಗದರ್ಶಿ ಆಗಿ. ಒಂದೇ ಮನೆಯವರು, ಜೊತೇಲೇ ಹೋಗಿ ಬರಬಹುದು."

ಹೀಗೆ ಆರು ವಾರ ಅವಳನ್ನು ನನ್ನ ಹಿಂದೆ ಕಟ್ಟಿಕೊಂಡು ತಿರುಗಿದೆ. ಎಷ್ಟು ಮಿಂಚಿದರೂ ಇವಳಿಗೆ ಬ್ಯಾಡ್ಜಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಅದು ಬಾಯಲ್ಲಿ ಇಟ್ಟುಕೊಂಡ ಕಲ್ಲುಸಕ್ಕರೆಯಂತೆ ಸಿಹಿಯಾಗಿತ್ತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅವಳೂ ಆ ವಾರಗಳಲ್ಲಿ ಏನೋ ಒಂಥರಾ ಆಡತೊಡಗಿದಳು. ಮನೆಯ ಮೆಟ್ಟಿಲಿಗೆ ಇದ್ದ ಮಂಕು ಬಲ್ಬು ತೆಗೆಸಿ ಕಣ್ಣು ಕುಕ್ಕುವಂಥದ್ದನ್ನು ಹಾಕಿಸಿದಳು. ಕೊನೆಯ ಮೆಟ್ಟಿಲಿನ ಅಂಚಿಗೆ ಬಿಳಿ ಬಣ್ಣ ಬಳಿದಳು. ನನ್ನ ಅಡುಗೆಮನೆಗೆ ಬಂದು, ನಾನಿಲ್ಲದಾಗ ಉಪ್ಪು, ಸಕ್ಕರೆ ಡಬ್ಬಗಳ ಮೇಲೆ ಬೆರಳುದ್ದದ ಅಕ್ಷರದಲ್ಲಿ ಬರೆದಿಟ್ಟಳು. ಬೀದಿಯಲ್ಲಿ ಯಾವಾಗಲೂ ನನ್ನ ಬಲಕ್ಕೆ, ವಾಹನ ಬರುವ ಕಡೆಗೇ ನಡೆಯುವುದು. ಬಸ್ ಸ್ಟಾಪಿನಲ್ಲಿ, "ಹನ್ನೆರಡು ಬಂತು ಅಕ್ಕ, ಹನ್ನೆರಡನೇ ನಂಬರು."

"ನಂಗೂ ಓದೋಕೆ ಬರುತ್ತೆ ಕಣೇ."

"ಗೊತ್ತು ಅಕ್ಕ. ಸುಮ್ನೆ ಬಾಯಿಗೆ ಬಂತು."

ನಾಲ್ಕು ದಿನದ ತರಬೇತಿಗೇ ನನ್ನನ್ನು ಮುದುಕಿ ಮಾಡಿ ಮೂಲೆಗೆ ಕೂರಿಸಿ, ನನ್ನ ಬೀದಿಯನ್ನೇ ಕಸಿದುಕೊಳ್ಳುವ ಹುನ್ನಾರ ಎಂದುಕೊಂಡೆ. ನಮ್ಮವರಿಗೆ ಹೇಳಿದರೆ, "ಪಾಪ, ಬಲ್ಬು ಚೆನ್ನಾಗಿದೆಯಲ್ಲ, ನಂಗೆ ಚಪ್ಪಲಿ ಜೋಡಿ ಈಗ ಸರಿಯಾಗಿ ಸಿಗುತ್ತೆ" ಎಂದರು. ಅವರಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವ ಹಾಗಿರಲಿಲ್ಲ.

ತರಬೇತಿಯಲ್ಲಿ ಒಂದೇ ಮನೆಗೆ ಮೂರು ಭೇಟಿ ಇರುತ್ತವೆ. ಮೊದಲ ಭೇಟಿಯಲ್ಲಿ ಹೊಸಬರು ಬಾಯಿ ಬಿಡದೆ ನೋಡಬೇಕು. ಎರಡನೆಯದರಲ್ಲಿ ಇಬ್ಬರೂ ಮಾತಾಡಬೇಕು. ಮೂರನೆಯದಕ್ಕೆ ಹೊಸಬರು ಒಬ್ಬರೇ ಹೋಗಬೇಕು, ಮಾರ್ಗದರ್ಶಿ ಬೀದಿಯಲ್ಲೇ ನಿಲ್ಲಬೇಕು. ಆ ಮನೆಯನ್ನು ಆರಿಸುವುದು ಮಾರ್ಗದರ್ಶಿ. ನಾನು ಬೇಕೆಂದೇ ಗಡಿಯಾರ ರಿಪೇರಿಯವರ ಮನೆ ಆರಿಸಿದೆ.

ಅವರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಕಡಿದಾದ ಮೆಟ್ಟಿಲಿನ ಮೇಲಿನ ಒಂಟಿ ಕೋಣೆಯಲ್ಲಿದ್ದರು. ಎರಡೂ ಕಣ್ಣಿಗೆ ಪೊರೆ. ಮೇಜಿನ ಮೇಲೆ ಬಿಚ್ಚಿಟ್ಟ ಗಡಿಯಾರಗಳು, ಕಣ್ಣಿಗೆ ಸಿಕ್ಕಿಸುವ ಮಸೂರ, ಎಲ್ಲ ಸಾಲಾಗಿ ಇರುತ್ತಿದ್ದವು. ಎರಡು ವರ್ಷದಲ್ಲಿ ಹನ್ನೊಂದು ಸಲ ಹೋಗಿದ್ದೆ. ಕಣ್ಣಿನ ಚಿತ್ರ ಬಿಡಿಸಿ, ಪೊರೆ ಎಂದರೇನು, ಅದನ್ನು ತೆಗೆದು ಮಸೂರ ಕೂರಿಸುವುದು ಹೇಗೆ ಎಂದು ತರಗತಿಯಲ್ಲಿ ಕಲಿಸುವ ಹಾಗೆ ಕಲಿಸಿದ್ದೆ. "ಮೇಡಂ, ನಿಮ್ಮ ಪಾಠ ಬಹಳ ಚೆನ್ನಾಗಿದೆ. ನನ್ನ ಕಣ್ಣೂ ಚೆನ್ನಾಗಿದೆ" ಎಂದು ಕೈ ಮುಗಿದು ಕಳಿಸುತ್ತಿದ್ದರು. ನನಗೆ ಒಲಿಯದವರು ಇವಳಿಗೆ ಒಲಿಯುತ್ತಾರೆಯೇ, ನೋಡೋಣ.

ಮೊದಲ ಭೇಟಿಯಲ್ಲಿ ಚಿಕ್ಕವಳು ನಿಯಮದಂತೆ ಸುಮ್ಮನೆ ಕೂತಿದ್ದಳು. ಹೊರಡುವಾಗ ಮಾತ್ರ ಅವರ ಒಲೆಯ ಪಕ್ಕ ಬಿದ್ದಿದ್ದ ಒದ್ದೆ ಬಟ್ಟೆಯನ್ನು ಎತ್ತಿ ಹಗ್ಗಕ್ಕೆ ಹಾಕಿದಳು. ಎರಡನೆಯ ಭೇಟಿಯಲ್ಲಿ ನಾನು ಚಿತ್ರ ತೋರಿಸಿ ವಿವರಿಸುತ್ತಿದ್ದರೆ, ಇವಳು ನಡುವೆ ಬಾಯಿ ಹಾಕಿ, "ಇಷ್ಟು ಸಣ್ಣ ಸ್ಕ್ರೂ ಬಿದ್ರೆ ಹೇಗೆ ಹುಡುಕ್ತೀರಿ?" ಎಂದು ಕೇಳಿದಳು.

ಅವರು ಮೇಜಿನ ಅಂಚು ಸವರುತ್ತ, "ಬೀಳಿಸಲ್ಲ" ಎಂದರು.

"ನಾನಂತೂ ದಿನಾ ಬೀಳಿಸ್ತಿದ್ದೆ. ಮುನ್ನೂರು ಮಕ್ಕಳಿಗೆ ಅಡುಗೆ. ಒಂದು ದಿನ ಬಳೆಯೇ ಪಾತ್ರೆಗೆ ಬಿದ್ದಿತ್ತು. ಯಾರ ತಟ್ಟೆಗೆ ಹೋಯ್ತೋ ಅಂತ ಮುನ್ನೂರು ಮಕ್ಕಳ ಬಾಯಿ ನೋಡ್ಕೊಂಡು ನಿಂತಿದ್ದೆ."

ಗಡಿಯಾರದವರು ನಕ್ಕರು. ಹನ್ನೊಂದು ಭೇಟಿಯಲ್ಲಿ ಅವರ ಹಲ್ಲು ನಾನು ಕಂಡಿರಲಿಲ್ಲ. ಕೆಳಗೆ ಇಳಿಯುವಾಗ, "ಕೆಲಸದ ಮಾತು ಬಿಟ್ಟು ಹರಟೆ ಯಾಕೆ?" ಎಂದು ಗದರಿದೆ. "ತಪ್ಪಾಯ್ತು ಅಕ್ಕ. ಇಲ್ಲೊಂದು ಮೆಟ್ಟಿಲು ಗಿಡ್ಡ ಇದೆ, ನೋಡ್ಕೊಳ್ಳಿ" ಎಂದಳು.

ಮೂರನೆಯ ಭೇಟಿ ಕೊನೆಯ ಶುಕ್ರವಾರದ ಹಿಂದಿನ ದಿನ. ಅವಳು ಮೇಲೆ ಹೋದಳು. ನಾನು ಓಣಿಯಲ್ಲಿ, ಇಸ್ತ್ರಿ ಅಂಗಡಿಯ ನೆರಳಿನಲ್ಲಿ ನಿಂತೆ. ಹತ್ತು ನಿಮಿಷವಾಯಿತು. ಮೇಲಿನಿಂದ ನಗು ಕೇಳಿಸಿತು. ಇನ್ನೂ ಐದು ನಿಮಿಷವಾಯಿತು. ಈಗ ನಗುವೂ ಇಲ್ಲ, ಸದ್ದೂ ಇಲ್ಲ. ಇಷ್ಟು ಹೊತ್ತು ಅವರು ನನ್ನನ್ನು ಕೂರಿಸಿಕೊಂಡೇ ಇರಲಿಲ್ಲ. ನಿಯಮ ನನಗೆ ಗೊತ್ತಿತ್ತು, ಹೊಸಬರಿಗೆ ಹೇಳಿಕೊಡುತ್ತಿದ್ದವಳೇ ನಾನು. ಆದರೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಎಪ್ಪತ್ತರ ವಯಸ್ಸಿನಲ್ಲಿ ಕಳ್ಳಿಯಂತೆ ಮೆಟ್ಟಿಲು ಹತ್ತಿದೆ. ಗಿಡ್ಡ ಮೆಟ್ಟಿಲಿನಲ್ಲಿ ಕಾಲು ತಡವರಿಸಿತು. ಅರೆ ತೆರೆದ ಬಾಗಿಲಿನ ಪಕ್ಕ ಗೋಡೆಗೆ ಒರಗಿ ನಿಂತೆ.

"ಕಾಣಲ್ಲ ಅಂತ ಗೊತ್ತಾದ್ರೆ ಯಾರಮ್ಮ ಗಡಿಯಾರ ತಂದು ಕೊಡ್ತಾರೆ?" ಗಡಿಯಾರದವರ ದನಿ. "ಬೆರಳಲ್ಲೇ ಮಾಡ್ತಾ ಇದೀನಿ. ಆಸ್ಪತ್ರೆ ಬಾಗಿಲಲ್ಲಿ ನನ್ನ ನೋಡಿದ ದಿನವೇ ಬೀದಿಗೆಲ್ಲ ಸುದ್ದಿ."

"ನಮ್ಮಕ್ಕನೂ ಹೀಗೇ" ಎಂದಳು ಚಿಕ್ಕವಳು.

ನನ್ನ ಕಿವಿ ನಿಮಿರಿತು.

"ಯಾವ ಅಕ್ಕ? ಮೇಡಮ್ಮಾ?"

"ಅಯ್ಯೋ ಅವರಲ್ಲ. ತವರಿನ ಕಡೆ ಅಕ್ಕ, ನೀವು ನೋಡಿಲ್ಲ. ಬಹಳ ಓದಿದವರು. ಮನೇಲಿ ಯಾರಿಗೂ ಕಣ್ಣಿನ ವಿಷಯ ಹೇಳಿಲ್ಲ. ಲೈಬ್ರರಿಗೆ ಅಂತ ಹೇಳಿ ಆಸ್ಪತ್ರೆಗೆ ಹೋಗಿದಾರೆ, ಒಬ್ಬರೇ. ಹಳೇ ಶಾಲು, ಕಪ್ಪು ಕನ್ನಡಕ. ಬೆಂಚಲ್ಲಿ ಕೂತು ಪಕ್ಕದವರಿಗೆ ಚೀಟಿ ತೋರಿಸಿ ಓದಿ ಹೇಳಿ ಅಂತಿದ್ರು. ಇಡೀ ಮನೆಗೆ ಪೇಪರ್ ಓದಿ ಹೇಳಿದೋರು ಅವರು. ನಾನು ಬಾಗಿಲಲ್ಲಿ ನೋಡಿಬಿಟ್ಟೆ."

"ಮಾತಾಡಿಸಿದ್ರಾ?"

"ಹೇಗೆ ಮಾತಾಡಿಸ್ಲಿ? ನಂಗೆ ಗೊತ್ತಾಯ್ತು ಅನ್ನೋದೇ ಅವರಿಗೆ ಕಣ್ಣಿಗಿಂತ ಹೆಚ್ಚು ನೋವು. ನೋಡೇ ಇಲ್ಲ ಅನ್ನೋ ಹಾಗೆ ಬೆನ್ನು ಮಾಡಿ ಕೂತೆ. ಈಗ ಏನೋ ಬಲ್ಬು ಹಾಕ್ಸೋದು, ಡಬ್ಬದ ಮೇಲೆ ಬರೆಯೋದು ಮಾಡ್ತಿದೀನಿ. ಅದಕ್ಕೂ ಬೈಸ್ಕೋತೀನಿ." ಸ್ವಲ್ಪ ನಕ್ಕಳು. "ಅವರಿಗೊಬ್ಬರು ಜೊತೆ ಸಿಕ್ಕಿದ್ರೆ ಬಂದು ತೋರಿಸ್ತಾರೇನೋ. ಅವರೂ ಹೇಳ್ಕೊಳ್ಳಲ್ಲ, ನೀವೂ ಹೇಳ್ಕೊಳ್ಳಲ್ಲ. ಇಬ್ಬರೂ ಒಂದೇ ದಿನ ಬಂದ್ರೆ?"

ಒಳಗೆ ಯಾವುದೋ ಗಡಿಯಾರಕ್ಕೆ ಕೀಲಿ ಕೊಟ್ಟ ಸದ್ದು ಕೇಳಿಸಿತು.

"ಆಯಮ್ಮ ಬರೋದಾದ್ರೆ ಬರ್ತೀನಿ" ಎಂದರು ಅವರು.

ನಾನು ಚಪ್ಪಲಿ ಹಿಡಿದುಕೊಂಡು ಕೆಳಗಿಳಿದೆ. ಅವಳು ಬಂದು, "ಒಪ್ಪಿದ್ರು ಅಕ್ಕ" ಎಂದಷ್ಟೇ ಹೇಳಿದಳು. ನನಗೆ ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಗಿಂತ ಮೊದಲು ಬಂದದ್ದು ಹಳೆಯ ಉರಿಯೇ. ಹನ್ನೊಂದು ಸಲ ಚಿತ್ರ ಬಿಡಿಸಿದವಳು ನಾನು. ಅವರು ಏನು ಮುಚ್ಚಿಡುತ್ತಿದ್ದಾರೆಂದು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಆಸ್ಪತ್ರೆಗೆ ಹೋಗಿ ಸಿಸ್ಟರನ್ನು ಕಂಡೆ. ಬೆಂಚಿನ ಅಂಕ ಒಂದನ್ನು ತಿದ್ದಬೇಕು ಎಂದೆ.

"ಎಲ್ಲರ ಮುಂದೆ ಒಡೆಯೋ ಮುಂಚೆ ತಿದ್ದಬಹುದು. ಕಾರಣ ಬರೆದು ಸಹಿ ಹಾಕ್ಬೇಕು, ಅದು ಫೈಲಿನಲ್ಲಿ ಉಳಿಯುತ್ತೆ" ಎಂದು ಸಿಸ್ಟರ್ ಲಕೋಟೆ ಕೊಟ್ಟರು.

ಅಂಟು ಬಿಡಿಸಿ, ಸೊನ್ನೆಯ ಮೇಲೆ ಗೀಟು ಎಳೆದೆ. ಕಿಟಕಿಯ ಬಿಸಿಲಿಗೆ ಅಡ್ಡ ನಿಂತದ್ದನ್ನು ಬರೆದೆ. ಅರ್ಜಿದಾರರು ನನ್ನ ಓರಗಿತ್ತಿ, ಇದನ್ನು ಅಂಕ ಹಾಕುವ ಮುಂಚೆ ಹೇಳಬೇಕಿತ್ತು, ಹೊಟ್ಟೆಕಿಚ್ಚಿನಿಂದ ಹೇಳಲಿಲ್ಲ ಎಂದು ಬರೆದೆ. ಮೂರನೆಯ ಭೇಟಿಯಲ್ಲಿ ನಿಯಮ ಮುರಿದು ಮೆಟ್ಟಿಲು ಹತ್ತಿದ್ದನ್ನೂ ಬರೆದೆ. ಹತ್ತು ಎಂದು ಬರೆಯಲು ಪೆನ್ನು ಊರಿದೆ. ಕೈ ಬರಲಿಲ್ಲ. ಒಂಬತ್ತು ಎಂದು ಬರೆದು ಸಹಿ ಹಾಕಿದೆ.

ಸಿಸ್ಟರ್ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ಬೈಯಲಿಲ್ಲ. "ಇನ್ನು ಮೇಲೆ ಬೆಂಚಿಗೆ ಬೇರೆ ಯಾರನ್ನಾದ್ರೂ ನೋಡ್ತೀನಮ್ಮ" ಎಂದರು. ನನ್ನ ಮುಂದೆ ಟೀ ಲೋಟ ಸರಿಸಿ, ನಾನು ಕುಡಿದು ಮುಗಿಸುವವರೆಗೂ ಎಲ್ಲೂ ಎದ್ದು ಹೋಗದೆ ಫೈಲು ತಿರುವುತ್ತಾ ಕೂತರು. ಬೆಂಚು ಹೋಯಿತು. ಅದು ನನ್ನ ಬುದ್ಧಿಯಿಂದ ಹುಟ್ಟಿದ್ದು.

ಸಂಜೆ ಚಿಕ್ಕವಳು ಬ್ಯಾಡ್ಜು ಹಾಕಿಕೊಂಡು ಮನೆಗೆ ಬಂದಳು. ಅವಳನ್ನು ಮೆಟ್ಟಿಲಲ್ಲೇ ತಡೆದೆ. ಆ ಬಲ್ಬಿನ ಬೆಳಕಿನಲ್ಲಿ ಮುಖ ಮುಚ್ಚಿಕೊಳ್ಳಲು ಒಂದು ನೆರಳೂ ಇರಲಿಲ್ಲ.

"ನನ್ನ ಕಣ್ಣಿಗೇನೂ ಆಗಿಲ್ಲ ಕಣೇ. ಅದು ಅರ್ಜಿ ಹಾಕಿದೋರನ್ನ ಪರೀಕ್ಷೆ ಮಾಡೋಕೆ ಹಾಕಿದ ವೇಷ."

ಅವಳು ಕೈಚೀಲ ಕೆಳಗಿಟ್ಟಳು. "ನಿಮಗೆ ಹೇಗೆ ಗೊತ್ತಾಯ್ತು, ನಾನು ಹಾಗೆ ಅಂದ್ಕೊಂಡಿದ್ದು?"

"ಮೆಟ್ಟಿಲು ಹತ್ತಿ ಕೇಳಿಸ್ಕೊಂಡೆ."

"ಆ ಗಿಡ್ಡ ಮೆಟ್ಟಿಲು?"

"ಎಡವಿದೆ."

ಚಿಕ್ಕವಳು ಬಿಳಿ ಅಂಚಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. "ಆರು ವಾರ ನಿದ್ದೆ ಕೆಟ್ಟಿದೀನಿ ಅಕ್ಕ ನಾನು" ಎಂದಳು. ಆಮೇಲೆ ಮೆಲ್ಲಗೆ, "ಬೆಂಚಿಗೆ ಎಷ್ಟು ಕೊಟ್ಟಿದ್ರಿ?"

"ಸೊನ್ನೆ."

"ಈಗ?"

"ಒಂಬತ್ತು."

"ಇನ್ನೊಂದು ಎಲ್ಲಿ ಹೋಯ್ತು?"

"ಅದು ನನ್ನ ಹತ್ರ ಇದೆ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಮೂವತ್ತೈದು ವರ್ಷದಲ್ಲಿ ಅವಳು ಒಮ್ಮೆಯೂ ನನ್ನನ್ನು ಹಾಗೆ, ಅಳತೆ ಹಿಡಿದ ಹಾಗೆ ನೋಡಿರಲಿಲ್ಲ. ನನ್ನ ಹೊಟ್ಟೆಕಿಚ್ಚು ಅವಳಿಗೆ ಮೊದಲಿನಿಂದಲೂ ತಿಳಿದಿತ್ತೆಂದು ಆಗ ಅನ್ನಿಸಿತು.

"ಇಟ್ಕೊಳ್ಳಿ" ಎಂದಳು. "ಆದ್ರೆ ಗಡಿಯಾರದವರಿಗೆ ನಾನು ಮಾತು ಕೊಟ್ಟಿದೀನಿ. ಅಕ್ಕನ್ನ ಕರ್ಕೊಂಡು ಬರ್ತೀನಿ ಅಂದಿದೀನಿ. ಬರೀ ಕೈಯಲ್ಲಿ ಹೋದ್ರೆ ಅವರು ಬರಲ್ಲ. ಆ ಅಕ್ಕನ್ನ ಈಗ ಎಲ್ಲಿಂದ ತರ್ಲಿ?"

ಮಂಗಳವಾರ ಮತ್ತೆ ಹಳೆಯ ಶಾಲು ಹೊದ್ದೆ. ಗಡಿಯಾರದವರು ಓಣಿಯ ತುದಿಯಲ್ಲಿ ಒಗೆದ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ನಮ್ಮಿಬ್ಬರ ಹೆಜ್ಜೆ ಸದ್ದು ಕೇಳಿ ತಲೆ ಓರೆ ಮಾಡಿದರು.

"ತವರಿನ ಅಕ್ಕ ಬಂದ್ರಾ?"

"ಬಂದಿದೀನಿ" ಎಂದೆ.

ಅವರು ನನ್ನ ದನಿ ಗುರುತಿಸಿದರು. ಎರಡು ವರ್ಷದಿಂದ ಕೇಳಿದ ದನಿ. "ಮೇಡಂ, ನೀವಾ?" ಎಂದರು. "ಹಾಗಾದ್ರೆ ಅಷ್ಟು ಸಲ ಬಂದು ಚಿತ್ರ ತೋರಿಸ್ತಿದ್ರಲ್ಲ, ನಿಮಗೂ ಕಾಣ್ತಿರಲಿಲ್ವಾ?"

ಚಿಕ್ಕವಳು ಏನೋ ಹೇಳಲು ಹೊರಟಳು. ನಾನು ಅವಳ ಮೊಣಕೈ ಹಿಡಿದು ತಡೆದೆ.

"ಕಾಣ್ತಿರಲಿಲ್ಲ" ಎಂದೆ. "ಹೇಳ್ಕೊಳ್ಳೋಕೆ ನಾಚಿಕೆ."

"ನಂಗೂ ಅದೇ" ಎಂದು ಅವರು ನಿಟ್ಟುಸಿರು ಬಿಟ್ಟು, ಕೈ ಚಾಚಿದರು. ಚಾಚಿದ್ದು ಚಿಕ್ಕವಳ ಕಡೆಗೆ. ಎರಡು ವರ್ಷ ನನ್ನ ಕೈಗೆ ಸಿಗದ ಕೈ ಅವಳ ತೋಳಿನ ಮೇಲೆ ಎಷ್ಟು ಸಲೀಸಾಗಿ ಕೂತಿತೆಂದರೆ, ನಾನು ಬೇರೆ ಕಡೆ ನೋಡಿದೆ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಕಣ್ಣಿಗೆ ಹನಿ ಹಾಕಿ, ಅದೇ ಬೆಂಚಿನ ಮೇಲೆ ಕೂರಿಸಿದರು. ಹನಿ ಏರುತ್ತಿದ್ದಂತೆ ಕಿಟಕಿ ಕರಗಿತು, ಎದುರಿನ ಕುರ್ಚಿಗಳು ಕರಗಿದವು. ಕೈಯಲ್ಲಿದ್ದ ಚೀಟಿಯನ್ನು ಹತ್ತಿರ ಹಿಡಿದೆ, ದೂರ ಹಿಡಿದೆ. ಈ ಸಲ ನಿಜವಾಗಿಯೂ ಒಂದಕ್ಷರ ಕಾಣಲಿಲ್ಲ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಯಾರೋ ಅಡ್ಡ ಬಂದು ನಿಂತಿದ್ದರು.

"ಇದರಲ್ಲೇನು ಬರೆದಿದೆ, ಸ್ವಲ್ಪ ಹೇಳ್ತೀಯಾ?" ಎಂದು ಚೀಟಿ ಚಾಚಿದೆ.

"ಬಂದೆ ಅಕ್ಕ, ಒಂದೇ ನಿಮಿಷ" ಎಂದಳು ಚಿಕ್ಕವಳು. ಗಡಿಯಾರದವರ ಚೀಟಿಯನ್ನು ಅವರ ಕಿವಿಯ ಹತ್ತಿರ ಬಾಗಿ, ಬೇರೆ ಯಾರಿಗೂ ಕೇಳದಂತೆ ಓದಿ ಹೇಳಿ ಮುಗಿಸಿದಳು. ಆಮೇಲೆ ನನ್ನದನ್ನು ತೆಗೆದುಕೊಂಡಳು.

ಅವರದನ್ನೇ ಮೊದಲು ಓದಿದಳು. ಅದು ಸರಿಯೇ, ಆಪರೇಷನ್ನು ಇದ್ದದ್ದು ಅವರಿಗೆ. ಆದರೂ ನನ್ನ ಚೀಟಿ ಹಿಡಿದ ಕೈ ಅಷ್ಟು ಹೊತ್ತು ಗಾಳಿಯಲ್ಲೇ ಇತ್ತು ಎಂಬುದು ನನಗಿನ್ನೂ ನೆನಪಿದೆ.